ಹೆಬ್ಬೆರಳಿನ ಕೆಲಸ: ಬ್ರೆಜಿಲಿನ ಒಂಟಿ ಗಿಟಾರ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ಬ್ರೆಜಿಲಿನ ಗಿಟಾರಿನ ಬಗ್ಗೆ ಬಂದಿವೆ. ಅದರಲ್ಲೂ ಗಾಯಕರಿಲ್ಲದೆ, ಪಕ್ಕವಾದ್ಯವಿಲ್ಲದೆ ಒಬ್ಬರೇ ಕೂತು ನುಡಿಸುವ ಬಗೆಯನ್ನು ಕುರಿತು. ಉತ್ತರಗಳಲ್ಲಿ ತಂತಿಗಳನ್ನು ಎಣಿಸಿರುವುದು ಎಲ್ಲರಿಗೂ ರೂಢಿಯಿರುವ ಕ್ರಮದಲ್ಲೇ: ತೆಳ್ಳನೆಯ ಇ ಒಂದನೆಯ ತಂತಿ, ದಪ್ಪನೆಯ ಇ ಆರನೆಯದು. ಒಂದು ಎಣಿಕೆಗೆ ನಾಲ್ಕು ಮಾತ್ರೆ, ಎರಡು ಎಣಿಕೆಗೆ ಒಂದು ಆವರ್ತ ಎಂದು ಲೆಕ್ಕ ಹಿಡಿಯಿರಿ. ಸಾಂಬಾ, ಶೋರೊ, ಬಾಯಾಂವ್ ಎಂಬ ಅಲ್ಲಿನ ಮೂರು ಬಗೆಯ ಸಂಗೀತಕ್ಕೂ ಈ ಲೆಕ್ಕ ಸಾಕು.

ಪ್ರಶ್ನೆ: ಬೇಡನ್ ಪೊವೆಲ್ ಅವರ ಧ್ವನಿಮುದ್ರಿಕೆ ಕೇಳಿದೆ. ಮೇಲೆ ರಾಗ, ನಡುವೆ ಕಾರ್ಡು (ಒಟ್ಟಿಗೆ ನುಡಿಯುವ ಸ್ವರಗುಚ್ಛ), ಕೆಳಗೆ ಡೋಲಿನಂಥ ಪೆಟ್ಟು, ಮೂರೂ ಒಟ್ಟಿಗೆ ಬರುತ್ತವೆ. ಎರಡು ಮೂರು ಸಲ ನುಡಿಸಿ ಸೇರಿಸಿದ್ದಾರೆಯೇ? ಒಬ್ಬರೇ ನುಡಿಸಿದ್ದರೆ ಅದನ್ನು ಕಲಿಯುವುದು ಎಲ್ಲಿಂದ?

ಉತ್ತರ: ಸೇರಿಸಿದ್ದಲ್ಲ. ಒಂದು ಕೈಯೊಳಗೆ ಕೆಲಸ ಹಂಚಿಕೊಂಡಿರುವುದರಿಂದ ನಿಮಗೆ ಹಾಗೆ ಕೇಳಿಸುತ್ತದೆ. ಸಾಂಬಾ ಮೇಳದಲ್ಲಿ ಸುರ್ದೊ ಎಂಬ ದೊಡ್ಡ ಡೋಲು ಇರುತ್ತದೆ. ಅದರ ಭಾರವಾದ, ಬಿಡುಬೀಸಾದ ಪೆಟ್ಟು ಬೀಳುವುದು ಎರಡನೆಯ ಎಣಿಕೆಗೆ. ಮೊದಲನೆಯ ಎಣಿಕೆಯ ಪೆಟ್ಟು ಮೆತ್ತಗೆ, ಗಿಡ್ಡಕ್ಕೆ ಇರುತ್ತದೆ. ತಂಬೊರಿಂ ಎಂಬ ಪುಟ್ಟ ಕೈವಾದ್ಯ ಮೇಲಿನಿಂದ ಒಂದು ಅಡ್ಡಾದಿಡ್ಡಿ ನಡೆಯನ್ನು ಕುಟ್ಟುತ್ತಿರುತ್ತದೆ. ಗಿಟಾರ್ ಹಿಡಿದವರ ಹೆಬ್ಬೆರಳೇ ಸುರ್ದೊ. ತೋರುಬೆರಳು, ನಡುಬೆರಳು, ಉಂಗುರಬೆರಳು ಸೇರಿ ತಂಬೊರಿಂ. ರಾಗದ ಸ್ವರ ಬಂದಾಗ ಉಂಗುರಬೆರಳು ಅದೇ ಗುಂಪಿನಿಂದ ತುಸು ಜೋರಾಗಿ ಎದ್ದು ನಿಲ್ಲುತ್ತದೆ. ಕೈಚಳಕ ಎಂದಾಗ ನಾವು ವೇಗವನ್ನು ನೆನೆಯುತ್ತೇವೆ. ಇಲ್ಲಿನ ಕೈಚಳಕವೆಂದರೆ ಮೊದಲಿಗೆ ಹೆಬ್ಬೆರಳು ಉಳಿದ ಬೆರಳುಗಳ ಮಾತು ಕೇಳದಿರುವುದು.

ಕಲಿಯುವ ಕ್ರಮ ಹೀಗಿರಲಿ. ಎಡಗೈಯನ್ನು ಎಲ್ಲ ತಂತಿಗಳ ಮೇಲೆ ಹಗುರವಾಗಿ ಅಡ್ಡ ಹಾಕಿ, ಸ್ವರ ಬರಬಾರದು, ಬರೀ ಟಕ್ ಅನ್ನಬೇಕು. ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ತೋರಿಸುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು, ಒಂದು ಟಿಕ್‌ಗೆ ಒಂದು ಎಣಿಕೆಯಂತೆ ಹೆಬ್ಬೆರಳಿನಿಂದ ಮೊದಲ ಎಣಿಕೆಗೆ ಐದನೆಯ ತಂತಿ, ಎರಡನೆಯ ಎಣಿಕೆಗೆ ಆರನೆಯ ತಂತಿ ಮೀಟಿ. ಎರಡನೆಯದು ಭಾರವಾಗಿರಲಿ. ಐದು ನಿಮಿಷ ಇಷ್ಟೇ ಮಾಡಿ. ಬೇಸರ ಬಂದರೂ ಬಿಡಬೇಡಿ, ಮುಂದಿನದೆಲ್ಲ ಈ ಎರಡು ಪೆಟ್ಟಿನ ಮೇಲೆ ನಿಲ್ಲಬೇಕು.

ಆಮೇಲೆ ಬಾಯಲ್ಲಿ ಹೇಳಿಕೊಳ್ಳಿ: ತಕ ತಕ ತ ತಕ ತಕ ತಕ ತಕ ತ ತಕ. ‘ತಕ’ ಎಂದರೆ ಎರಡು ಮಾತ್ರೆ, ಒಂಟಿ ‘ತ’ ಎಂದರೆ ಒಂದು ಮಾತ್ರೆ. ಎಲ್ಲ ಕೂಡಿದರೆ 16 ಮಾತ್ರೆ, ಅಂದರೆ ಎರಡು ಆವರ್ತ. ಅದರೊಳಗೆ ಒಂಬತ್ತು ಪೆಟ್ಟು. ತಂಬೊರಿಂ ನಡೆಗೆ ಹಲವು ರೂಪಗಳಿವೆ, ಅಭ್ಯಾಸಕ್ಕೆ ಇದೊಂದು ಸಾಕು. ಪ್ರತಿ ‘ತ’ಕಾರಕ್ಕೂ ಮೂರು ಬೆರಳು ಒಟ್ಟಿಗೆ 3, 2, 1ನೆಯ ತಂತಿಗಳನ್ನು ಮೀಟಬೇಕು. ಈಗ ಹೆಬ್ಬೆರಳನ್ನು ಇದಕ್ಕೆ ಸೇರಿಸಿ. ಮೊದಲ ಆವರ್ತದಲ್ಲಿ ಎರಡು ಎಣಿಕೆಗೂ ಹೆಬ್ಬೆರಳು, ಬೆರಳುಗಳು ಜೊತೆಯಾಗಿಯೇ ಬೀಳುತ್ತವೆ, ಸಲೀಸು. ಎರಡನೆಯ ಆವರ್ತದಲ್ಲಿ ಎರಡು ಎಣಿಕೆಗೂ ಹೆಬ್ಬೆರಳು ಒಂಟಿ; ಬೆರಳುಗಳು ಅದಕ್ಕಿಂತ ಒಂದು ಮಾತ್ರೆ ಮೊದಲು ಮತ್ತು ಒಂದು ಮಾತ್ರೆ ಆಮೇಲೆ ಬೀಳುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಎಲ್ಲ ಬೆರಳೂ ಒಟ್ಟಿಗೆ ಮುಚ್ಚಿಕೊಳ್ಳಬೇಕೆನ್ನುವುದು ಕೈಯ ಸ್ವಭಾವ. ಹಾಗಾಗಿ ಹೆಬ್ಬೆರಳು ಅವುಗಳ ಹಿಂದೆ ಓಡುತ್ತದೆ, ಇಲ್ಲವೇ ಬೆರಳುಗಳೇ ಹೆಬ್ಬೆರಳಿಗಾಗಿ ಕಾಯುತ್ತವೆ. ಹಾಗಾದರೆ 50ಕ್ಕೆ ಇಳಿಸಿ. ಹೆಬ್ಬೆರಳಿನಿಂದ ಮಾತ್ರ ಮೀಟುತ್ತಾ ಉಳಿದ ನಡೆಯನ್ನು ಬಾಯಲ್ಲಿ ಹೇಳಿ. ಆಮೇಲೆ ತಿರುಗಿಸಿ: ಬೆರಳು ನುಡಿಸಲಿ, ಹೆಬ್ಬೆರಳಿನ ಬದಲು ಕಾಲು ತಟ್ಟಿ. ಎರಡೂ ಬಂದ ಮೇಲೆ ಕೂಡಿಸಿ.

ಇದು ನಿಂತ ಮೇಲೆ ಎ ಮೈನರ್ ಕಾರ್ಡು ಹಿಡಿಯಿರಿ. ಮೊದಲ ಎಣಿಕೆಗೆ ತೆರೆದ ಐದನೆಯ ತಂತಿಯ ಎ, ಎರಡನೆಯದಕ್ಕೆ ತೆರೆದ ಆರನೆಯ ತಂತಿಯ ಇ. ಒಂದು ಸೂಕ್ಷ್ಮ ಮರೆಯಬೇಡಿ: ಮೊದಲ ಎಣಿಕೆಯ ಎ ಸ್ವರ ಅರ್ಧ ಎಣಿಕೆಯಾದ ಕೂಡಲೇ ಹೆಬ್ಬೆರಳು ಮರಳಿ ಅದೇ ತಂತಿಯ ಮೇಲೆ ಕೂತು ಸದ್ದು ಅಡಗಿಸಬೇಕು, ಇ ಮಾತ್ರ ಮುಂದಿನ ಆವರ್ತದವರೆಗೆ ಗುಂಯ್ ಅನ್ನುತ್ತಿರಲಿ. ಎರಡನ್ನೂ ತುಂಬ ಬಿಟ್ಟರೆ ಸುರ್ದೊ ಮಾಯವಾಗಿ ಬರೀ ಗದ್ದಲ ಉಳಿಯುತ್ತದೆ. ಕೊನೆಗೆ ಒಂದನೆಯ ತಂತಿಯಲ್ಲಿ ನಾಲ್ಕೈದು ಸ್ವರದ ಒಂದು ಪುಟ್ಟ ರಾಗವನ್ನು ಈ ಒಂಬತ್ತು ಪೆಟ್ಟುಗಳ ಮೇಲೇ ಕೂರಿಸಿ.

ಬೇಡನ್ ಪೊವೆಲ್ (1937–2000) ರಿಯೊ ದೆ ಜನೇರೊ ರಾಜ್ಯದ ವಾರೆ-ಸಾಯ್‌ನಲ್ಲಿ ಹುಟ್ಟಿದವರು. ಸ್ಕೌಟ್ ಚಳವಳಿಯ ಮೇಲಿನ ಅಭಿಮಾನದಿಂದ ತಂದೆ ಅದರ ಸ್ಥಾಪಕರ ಹೆಸರನ್ನೇ ಮಗನಿಗಿಟ್ಟರು. ಅವರ ಗುರು ಮೇಯ್ರಾ. ಶೋರೊ ಮೇಳಗಳಲ್ಲಿ ಪಳಗಿದ ಈ ಗುರುವಿನ ಬಳಿಯೇ ಮುಂದೆ ರಫಾಯೆಲ್ ರಬೆಲ್ಲೊ ಕೂಡ ಕಲಿತರು. ಒಂದೇ ಹೆಬ್ಬೆರಳಿನ ಪಾಠ ಎರಡು ತಲೆಮಾರಿಗೆ ಇಳಿದದ್ದು ಹೀಗೆ.

ಪ್ರಶ್ನೆ: ವಿಯೊಲಾಂವ್, ವಿಯೊಲಾ ಎರಡೂ ಒಂದೆಯೇ?

ಉತ್ತರ: ಅಲ್ಲ. ಬ್ರೆಜಿಲಿನ ಪೋರ್ಚುಗೀಸಿನಲ್ಲಿ ವಿಯೊಲಾಂವ್ ಎಂದರೆ ನಮಗೆ ಗೊತ್ತಿರುವ ಗಿಟಾರ್. ವಿಯೊಲಾ ಎಂದರೆ ಸಾಮಾನ್ಯವಾಗಿ ಹಳ್ಳಿಗಾಡಿನ ಸಂಗೀತದ ವಾದ್ಯ, ಐದು ಜೋಡಿಯಲ್ಲಿ ಹತ್ತು ಲೋಹದ ತಂತಿ, ಶ್ರುತಿಯೂ ಬೇರೆ. ಗಿಟಾರಾ ಎಂದರೆ ಅಲ್ಲಿ ಎಲೆಕ್ಟ್ರಿಕ್ ಗಿಟಾರ್. ಹುಡುಕುವಾಗ ಈ ಮೂರನ್ನು ಕಲಸಿಕೊಂಡರೆ ಬೇಕಾದ್ದು ಸಿಗುವುದಿಲ್ಲ.

ಪ್ರಶ್ನೆ: ನನ್ನ ಬಳಿ ಲೋಹದ ತಂತಿಯ ಅಕೂಸ್ಟಿಕ್ ಗಿಟಾರ್ ಇದೆ. ಅದರಲ್ಲೇ ಕಲಿಯಬಹುದೇ? ಉಗುರು ಬಿಡಲೇಬೇಕೇ?

ಉತ್ತರ: ನಡೆ ಕಲಿಯಲು ಯಾವುದಾದರೂ ಆದೀತು. ಆದರೆ ಈಗ ನೀವು ಕೇಳುವ ಒಂಟಿ ವಾದನದ ಬಹುಪಾಲು ನೈಲಾನ್ ತಂತಿಯದು. ಕತ್ತು ಅಗಲವಾಗಿರುವುದರಿಂದ (ಕತ್ತಿನ ತುದಿಯ ಪಟ್ಟಿಯಾದ ನಟ್ ಬಳಿ ಸುಮಾರು 52 ಮಿಲಿಮೀಟರ್, ತಂತಿಯ ಉದ್ದ 650) ಬಲಗೈ ಬೆರಳುಗಳು ಒಂದಕ್ಕೊಂದು ತಾಗದೆ ಮೀಟಬಲ್ಲವು. ಲೋಹದ ತಂತಿಯ ಇಕ್ಕಟ್ಟು ಕತ್ತಿನಲ್ಲಿ ಮೂರು ಬೆರಳನ್ನು ಒಟ್ಟಿಗೆ ಎಳೆದಾಗ ನಡುಬೆರಳು ಸಿಕ್ಕಿಕೊಳ್ಳುತ್ತದೆ, ಉಗುರೂ ಬೇಗ ಸವೆಯುತ್ತದೆ. ಹಾಗೆಂದು ಬ್ರೆಜಿಲಿನಲ್ಲಿ ಲೋಹದ ತಂತಿ ಇರಲೇ ಇಲ್ಲ ಎಂದಲ್ಲ. ದಿಲೆರ್ಮಾಂದೊ ರೇಸ್ (1916–1977) ಅವರ ಆ ಮಿರುಗುವ, ಎಳೆದಾಡುವ ನಾದ ಲೋಹದ ತಂತಿಯದೇ.

ನೈಲಾನ್ ಗಿಟಾರಿಗೆ ಲೋಹದ ತಂತಿ ಹಾಕುವ ತಪ್ಪು ಮಾತ್ರ ಮಾಡಬೇಡಿ. ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕೆ.ಜಿ., ಲೋಹದ ತಂತಿಗಳದು ಸುಮಾರು 70 ದಾಟುತ್ತದೆ. ಬ್ರಿಡ್ಜ್ ಕಿತ್ತು ಬರುತ್ತದೆ, ಅದಕ್ಕೂ ಮೊದಲೇ ಮೇಲುಹಲಗೆ ಉಬ್ಬುತ್ತದೆ.

ಫ್ರೆಟ್ ಎಂದರೆ ಕತ್ತಿನ ಮೇಲಿನ ಅಡ್ಡ ಪಟ್ಟಿ. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ: ಒಂದನೆಯ ತಂತಿ ಸುಮಾರು 3 ಮಿಲಿಮೀಟರ್, ಆರನೆಯದು 4ರ ಆಸುಪಾಸು ಇದ್ದರೆ ಒಳ್ಳೆಯದು. ಅದಕ್ಕಿಂತ ತಗ್ಗಿಸಿದರೆ ಎಡಗೈಗೆ ಸುಖ, ಆದರೆ ಹೆಬ್ಬೆರಳು ಸುರ್ದೊ ಪೆಟ್ಟು ಹಾಕಿದಾಗ ಬೇಸ್ ತಂತಿ ಫ್ರೆಟ್‌ಗೆ ಬಡಿದು ಜರ್ ಅನ್ನುತ್ತದೆ. ಲೋಹದ ಎಳೆ ಸುತ್ತಿದ ದಪ್ಪ ತಂತಿಗಳಲ್ಲಿ, ಅಂದರೆ ಸುತ್ತು ತಂತಿಗಳಲ್ಲಿ, ಮೊದಲು ಸವೆಯುವುದು ನಾಲ್ಕನೆಯದು. ಎರಡನೆಯ, ಮೂರನೆಯ ಫ್ರೆಟ್ ಬಳಿ ಸುತ್ತು ಚಪ್ಪಟೆಯಾಗಿ ಕಂಡರೆ ಬದಲಿಸುವ ಕಾಲ ಬಂತು.

ಹಳೆಯ ಬ್ರೆಜಿಲ್ ಗಿಟಾರುಗಳನ್ನು ಕೊಳ್ಳುವ ಆಸೆ ಇದ್ದವರಿಗೆ ಒಂದು ಮಾತು. ಅವುಗಳಲ್ಲಿ ಅನೇಕದರ ಬೆನ್ನು, ಪಕ್ಕದ ಹಲಗೆ ಜಕರಾಂದಾ-ದಾ-ಬಾಯಿಯಾ ಮರದವು. ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದದಲ್ಲಿ ಈ ಮರ 1992ರಿಂದ ಅತ್ಯಂತ ಬಿಗಿಯಾದ ಪಟ್ಟಿಯಲ್ಲಿದೆ. ಕಾಗದಪತ್ರ ಇಲ್ಲದೆ ಗಡಿ ದಾಟಿಸಿದರೆ ವಾದ್ಯವನ್ನೇ ಕಳೆದುಕೊಳ್ಳಬಹುದು.

ಉಗುರು ಬೇಕು. ಅಂಗೈ ನಿಮ್ಮ ಕಡೆ ತಿರುಗಿಸಿ ನೋಡಿದಾಗ ಬೆರಳ ತುದಿಗಿಂತ ಒಂದೆರಡು ಮಿಲಿಮೀಟರ್ ಮೇಲೆ ಕಂಡರೆ ಸಾಕು. ತಂತಿ ಮೊದಲು ಮಾಂಸಕ್ಕೆ ತಾಗಿ ಆಮೇಲೆ ಉಗುರಿನಿಂದ ಜಾರಬೇಕು. ನೇರ ಉಗುರಿಗೇ ತಾಗಿದರೆ ಸದ್ದು ಬಡಕಲು. ಅರದಿಂದ ಆಕಾರ ಕೊಟ್ಟ ಮೇಲೆ ನುಣುಪಾದ ಉಜ್ಜುಕಾಗದದಿಂದ ಅಂಚು ತಿಕ್ಕುವುದನ್ನು ಬಿಡಬೇಡಿ. ಹೆಬ್ಬೆರಳ ಉಗುರಿನಲ್ಲಿ ಕಣ್ಣಿಗೆ ಕಾಣದ ಒಂದು ಮುಳ್ಳು ಇದ್ದರೂ ಸುತ್ತು ತಂತಿಯಲ್ಲಿ ಅದು ಕರಕರ ಎಂದು ಕೇಳಿಸುತ್ತದೆ.

ಪ್ರಶ್ನೆ: ಸ್ವರಲಿಪಿಯಲ್ಲಿ ಇದ್ದಂತೆಯೇ ನುಡಿಸುತ್ತೇನೆ, ಮೆಟ್ರೊನೋಮ್‌ಗೂ ಸರಿಯಾಗಿದೆ. ಆದರೂ ಶೋರೊ ಶೋರೊ ಎನಿಸುವುದಿಲ್ಲ, ಪಾಠ ಒಪ್ಪಿಸಿದಂತಿದೆ. ಏನು ತಪ್ಪು?

ಉತ್ತರ: ಮೆಟ್ರೊನೋಮ್‌ಗೆ ಸರಿಯಾಗಿರುವುದೇ ಕಾರಣವಿರಬಹುದು. ಕಾಗದದ ಮೇಲೆ ನಾಲ್ಕು ಮಾತ್ರೆಗಳು ಸಮ. ಪಂದೇರೊ ಎಂಬ ಕಂಜೀರದಂಥ ವಾದ್ಯ ಬಾರಿಸುವವರ ಕೈ ನೋಡಿ: ಹೆಬ್ಬೆರಳು, ಬೆರಳ ತುದಿ, ಅಂಗೈ ಬುಡ, ಮತ್ತೆ ಬೆರಳ ತುದಿ, ಹೀಗೆ ನಾಲ್ಕು ಮಾತ್ರೆಗೂ ಬೇರೆ ಬೇರೆ ತೂಕ. ನಾಲ್ಕನೆಯ ಮಾತ್ರೆ ಕೂದಲೆಳೆಯಷ್ಟು ಮುಂಚೆ ಬಂದು, ಮುಂದಿನ ಎಣಿಕೆಯ ಮೇಲೆ ವಾಲಿಕೊಳ್ಳುತ್ತದೆ. ಇದನ್ನು ಗಣಿತ ಹಾಕಿ ಕಲಿಯಲಾಗದು. ಪಂದೇರೊ ಒಂದೇ ಇರುವ ಮುದ್ರಿಕೆ ಹಾಕಿಕೊಂಡು ಒಂದೇ ಸ್ವರದಲ್ಲಿ ಅದರ ಜೊತೆ ಹತ್ತು ನಿಮಿಷ ನಡೆಯಿರಿ.

ಇನ್ನೊಂದು ಕಡೆ ಕಿವಿ ಕೊಡಿ. ಶೋರೊದಲ್ಲಿ ಹೆಜ್ಜೆಹೆಜ್ಜೆಗೂ ಬರುವ ಒಂದು ಮಾತ್ರೆ, ಎರಡು ಮಾತ್ರೆ, ಒಂದು ಮಾತ್ರೆ ಎಂಬ ಜೋಡಣೆಗೆ ಅಲ್ಲಿನವರು ಗರ್ಫಿನ್ಯೊ ಎನ್ನುತ್ತಾರೆ, ಪುಟ್ಟ ಫೋರ್ಕ್ ಎಂದು ಅರ್ಥ. ಬರೆದಾಗ ಹಾಗೇ ಕಾಣುತ್ತದೆ. ಹೊಸಬರು ಮೂರು ಸ್ವರಗಳನ್ನೂ ಹೆಚ್ಚುಕಡಿಮೆ ಸಮವಾಗಿ ಹಂಚಿಬಿಡುತ್ತಾರೆ, ಕೇಳಲು ತ್ರಿಶ್ರದಂತಾಗಿಬಿಡುತ್ತದೆ. ನಡುವಿನ ಸ್ವರಕ್ಕೆ ಒತ್ತು ಕೊಟ್ಟು ಸ್ವಲ್ಪ ಮೊದಲೇ ಕತ್ತರಿಸಿ, ಮೂರನೆಯದು ತಾನೇ ಜಾಗಕ್ಕೆ ಬರುತ್ತದೆ. ಮೆಟ್ರೊನೋಮ್ ಬೇಕೇಬೇಕು ಎನ್ನುವವರು ಅದನ್ನು ಎರಡನೆಯ ಎಣಿಕೆಗೆ ಮಾತ್ರ ಬಡಿಯುವಂತೆ ಇಟ್ಟುಕೊಳ್ಳಿ. ಸುರ್ದೊ ಇರುವ ಜಾಗ ಅದೇ.

ಪ್ರಶ್ನೆ: ಯಮಂದು ಕೋಸ್ತಾ ಅವರ ಗಿಟಾರಿಗೆ ಏಳು ತಂತಿ. ಏಳನೆಯದು ಯಾತಕ್ಕೆ, ಅದರ ಶ್ರುತಿ ಏನು? ನಾನೂ ನೇರ ಏಳು ತಂತಿಯಿಂದಲೇ ಶುರು ಮಾಡಲೇ?

ಉತ್ತರ: ಏಳನೆಯ ತಂತಿ ಶೋರೊ ಮೇಳದ ಅಗತ್ಯದಿಂದ ಬಂದದ್ದು. ಶೋರೊ 19ನೇ ಶತಮಾನದ ಉತ್ತರಾರ್ಧದಲ್ಲಿ ರಿಯೊದಲ್ಲಿ ಮೈದಳೆದ ವಾದ್ಯಸಂಗೀತ. ಆಗಿನ ಮೇಳವೆಂದರೆ ಕೊಳಲು, ಕವಕಿನ್ಯೊ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯ, ಗಿಟಾರ್ ಅಷ್ಟೇ. ಕೊಳಲು ರಾಗ ಹಾಡುವಾಗ ಕೆಳಗಿನಿಂದ ಅದಕ್ಕೆ ಎದುರುಮಾತು ಆಡುವುದು ಗಿಟಾರಿನ ಪಾಲು. ಆ ಮಂದ್ರದ ಓಟಕ್ಕೆ ಬಾಯ್ಶರಿಯಾ ಎಂದು ಹೆಸರು. 20ನೇ ಶತಮಾನದ ಮೊದಲ ದಶಕಗಳಲ್ಲಿ ತೂತಿ ಎಂಬ ವಾದಕರು ರಿಯೊದ ಮೇಳಗಳಿಗೆ ಏಳು ತಂತಿ ತಂದರು. ಅದನ್ನು ಒಂದು ಭಾಷೆಯಾಗಿ ಬೆಳೆಸಿದವರು ದೀನೊ (1918–2006). ಅವರನ್ನು ಕರೆಯುತ್ತಿದ್ದದ್ದೇ ‘ದೀನೊ ಏಳು ತಂತಿ’ ಎಂದು. ಶೋರೊ ರಚನಕಾರ ಪಿಶಿಂಗಿನ್ಯಾ 1940ರ ದಶಕದಲ್ಲಿ ಟೆನರ್ ಸ್ಯಾಕ್ಸೊಫೋನಿನಲ್ಲಿ ಕೊಳಲಿಗೆ ಎದುರಾಗಿ ಹೆಣೆಯುತ್ತಿದ್ದ ಓಟಗಳನ್ನು ದೀನೊ ಗಿಟಾರಿಗೆ ಇಳಿಸಿಕೊಂಡರು. ಲೋಹದ ತಂತಿ, ಹೆಬ್ಬೆರಳಿಗೆ ದೆದೇರಾ ಎಂಬ ಉಂಗುರದಂಥ ಮೀಟುಗೋಲು. ಅದರಿಂದಲೇ ಅವರ ಮಂದ್ರ ಮೇಳದ ನಡುವೆಯೂ ಗಂಟೆಯಂತೆ ಕೇಳುತ್ತದೆ.

ರಫಾಯೆಲ್ ರಬೆಲ್ಲೊ (1962–1995) ಪೆಟ್ರೊಪೊಲಿಸ್‌ನಲ್ಲಿ ಹುಟ್ಟಿದವರು. ಎಳವೆಯಲ್ಲೇ ದೀನೊ ಶೈಲಿಯನ್ನು ಅರೆದು ಕುಡಿದರು. ಆಮೇಲೆ ನೈಲಾನ್ ಏಳು ತಂತಿಗೆ ಬಂದು, ಹಿಂದೆ ಕೂತಿದ್ದ ವಾದ್ಯವನ್ನು ವೇದಿಕೆಯ ನಡುವೆ ತಂದು ಕೂರಿಸಿದರು. 32 ವರ್ಷಕ್ಕೇ ಹೋಗಿಬಿಟ್ಟರು. ಇಂದಿನ ಏಳು ತಂತಿಯ ಒಂಟಿ ವಾದನವೆಲ್ಲ ಅವರು ಕಡಿದ ದಾರಿಯಲ್ಲೇ ನಡೆಯುತ್ತಿದೆ ಎಂದರೆ ಹೆಚ್ಚಾಗದು. ದಕ್ಷಿಣದ ಪಾಸೊ ಫುಂದೊದಲ್ಲಿ 1980ರಲ್ಲಿ ಹುಟ್ಟಿದ ಯಮಂದು, ಆ ದಾರಿಗೆ ಅರ್ಜೆಂಟೀನಾ ಗಡಿಯ ಕಡೆಯ ಮಿಲೊಂಗಾ, ಶಮಮೆ ನಡೆಗಳನ್ನು ಬೆರೆಸಿದ್ದಾರೆ.

ಶ್ರುತಿ: ಏಳನೆಯ ತಂತಿಯನ್ನು ಶೋರೊದವರು ಹೆಚ್ಚಾಗಿ ಸಿಗೆ ಕೂರಿಸುತ್ತಾರೆ, ಅಂದರೆ ಆರನೆಯ ಇ ತಂತಿಗಿಂತ ಎರಡು ಪೂರ್ಣಸ್ವರ ಕೆಳಗೆ. ಕೆಲವರು ಬಿಗೆ ಇಳಿಸುತ್ತಾರೆ. ಉಪಯೋಗ ಏನೆಂದು ಒಂದೇ ಆವರ್ತದಲ್ಲಿ ತೋರಿಸಬಹುದು. ಎ7 ಕಾರ್ಡಿನಿಂದ ಡಿ ಮೈನರ್‌ಗೆ ಹೋಗಬೇಕು ಎನ್ನಿ. ಎಂಟು ಮಾತ್ರೆಗೆ ಎಂಟು ಸ್ವರ: ಎ, ಬಿ ಫ್ಲಾಟ್, ಎ, ಜಿ, ಎಫ್, ಇ, ಡಿ, ಸಿ ಶಾರ್ಪ್, ಮುಂದಿನ ಆವರ್ತದ ಮೊದಲ ಎಣಿಕೆಗೆ ಡಿ. ಮೊದಲ ಮೂರು ಸ್ವರ ಐದನೆಯ ತಂತಿಯಲ್ಲಿ: ತೆರೆದದ್ದು, ಒಂದನೆಯ ಫ್ರೆಟ್, ತೆರೆದದ್ದು. ಮುಂದಿನ ಮೂರು ಆರನೆಯದರಲ್ಲಿ: ಮೂರನೆಯ ಫ್ರೆಟ್, ಒಂದನೆಯ ಫ್ರೆಟ್, ತೆರೆದದ್ದು. ಆರು ತಂತಿಯ ಗಿಟಾರಿನಲ್ಲಿ ನೆಲ ಇಲ್ಲಿಗೇ ಮುಗಿಯಿತು. ಏಳನೆಯದು ಇದ್ದರೆ ಅದರ ಎರಡನೆಯ ಫ್ರೆಟ್‌ನಲ್ಲಿ ಡಿ, ಒಂದನೆಯದರಲ್ಲಿ ಸಿ ಶಾರ್ಪ್, ಮತ್ತೆ ಎರಡನೆಯದರಲ್ಲಿ ಡಿ. ಓಟ ಕಡಿಯದೆ ಇಳಿದು ಮನೆ ಸೇರುತ್ತದೆ. ಎಂಟೂ ಸ್ವರವನ್ನು ಹೆಬ್ಬೆರಳೊಂದರಿಂದಲೇ ಮೀಟಿ. ಬೆರಳು ಬೆರೆಸಿದರೆ ವೇಗ ಬರುತ್ತದೆ, ನಾದ ಸಣ್ಣಗಾಗುತ್ತದೆ.

ಕೆಡುವುದು ಎರಡು ಕಡೆ. ಒಂದು, ಮೀಟಿ ಬಿಟ್ಟ ತೆರೆದ ತಂತಿ ಹಿಂದೆ ಉಲಿಯುತ್ತಲೇ ಇರುತ್ತದೆ. ಮೇಲಿನ ಓಟದಲ್ಲಿ ಇ ಬಿಟ್ಟು ಡಿಗೆ ಇಳಿದಾಗ ಇ ನಿಲ್ಲದಿದ್ದರೆ ಎರಡೂ ಕಲೆತು ಕೆಸರಾಗುತ್ತದೆ. ಆರನೆಯದರಿಂದ ಏಳನೆಯದಕ್ಕೆ ಹೋಗುವಾಗ ಹೆಬ್ಬೆರಳ ಪಕ್ಕ, ಇಲ್ಲವೇ ಎಡಗೈ ಬೆರಳಿನ ತುದಿ ಆರನೆಯ ತಂತಿಗೆ ತಾಗುವಂತೆ ಅಭ್ಯಾಸ ಮಾಡಿ. ಎರಡು, ಓಟ ಬಂತೆಂಬ ಹುರುಪಿಗೆ ಪ್ರತಿ ಆವರ್ತದಲ್ಲೂ ಓಡುವುದು. ರಾಗ ಒಂದು ಸ್ವರದ ಮೇಲೆ ನಿಂತಾಗ ಮಂದ್ರ ಮಾತಾಡಬೇಕು, ರಾಗ ಮಾತಾಡುವಾಗ ಮಂದ್ರ ಕಾಯಬೇಕು. ದೀನೊ ಅವರ ಮುದ್ರಿಕೆಗಳಲ್ಲಿ ಓಟದಷ್ಟೇ ಆ ಕಾಯುವಿಕೆಯನ್ನೂ ಗಮನಿಸಿ ಕೇಳಿ.

ನೇರ ಏಳರಿಂದ ಶುರು ಮಾಡಬೇಡಿ ಎಂಬುದು ನಮ್ಮ ಸಲಹೆ. ಆರು ತಂತಿಯಲ್ಲಿ ಹೆಬ್ಬೆರಳು ಕಣ್ಣು ಮುಚ್ಚಿಕೊಂಡು ಐದು, ಆರನೆಯ ತಂತಿಗಳನ್ನು ಹುಡುಕುವಂತಾಗಲಿ. ಇಲ್ಲದಿದ್ದರೆ ಆರನೆಯದು ಎಂದುಕೊಂಡು ಏಳನೆಯದನ್ನು ಮೀಟುವುದು ವರ್ಷಗಟ್ಟಲೆ ಬಿಡುವುದಿಲ್ಲ.

ಪ್ರಶ್ನೆ: ಬಾಯಾಂವ್ ಕೇಳುವಾಗ ನಮ್ಮ ರಾಗ ಕೇಳಿದಂತಾಗುತ್ತದೆ. ಬರೀ ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಬಾಯಾಂವ್ ಬ್ರೆಜಿಲಿನ ಈಶಾನ್ಯ ಭಾಗದ್ದು. ಲೂಯಿಜ್ ಗೊಂಜಾಗಾ 1940ರ ದಶಕದಲ್ಲಿ ಅಕಾರ್ಡಿಯನ್ ಹಿಡಿದು ಅದನ್ನು ದೇಶಕ್ಕೆಲ್ಲ ಹಬ್ಬಿಸಿದರು. ಅಲ್ಲಿ ಮತ್ತೆ ಮತ್ತೆ ಬರುವ ಒಂದು ಸ್ವರಸಾಲಿನಲ್ಲಿ ಮಧ್ಯಮ ತೀವ್ರ, ನಿಷಾದ ಕೋಮಲ, ಉಳಿದವು ಶುದ್ಧ ಮೇಜರ್‌ನವು. ನಮ್ಮ ಲೆಕ್ಕದಲ್ಲಿ 64ನೆಯ ಮೇಳ ವಾಚಸ್ಪತಿಯ ಸ್ವರಗಳು ಅವೇ. ಸ್ವರ ಒಂದೇ ಆದರೂ ನಡಿಗೆ ಬೇರೆ: ಗಮಕವಿಲ್ಲ, ಸ್ವರಗಳು ಕಲ್ಲು ಜೋಡಿಸಿದಂತೆ ಬಿಡಿಬಿಡಿ. ತೀವ್ರ ಮಧ್ಯಮ ಎಳೆದಾಡಿದರೆ ಬಾಯಾಂವ್ ಕೆಡುತ್ತದೆ.

ಲಯ ಇನ್ನೂ ಹತ್ತಿರ. ಎಂಟು ಮಾತ್ರೆಯನ್ನು ತಕಿಟ ತಕಿಟ ತಕ ಎಂದು ಹೇಳಿ. ಹೆಬ್ಬೆರಳು ಎರಡು ‘ತಕಿಟ’ಗಳ ಮೊದಲ ಅಕ್ಷರಕ್ಕೆ ಬೀಳಲಿ, ಅಂದರೆ 1 ಮತ್ತು 4ನೆಯ ಮಾತ್ರೆಗೆ, ಕೊನೆಯ ‘ತಕ’ದ ಮೊದಲಿಗೆ ಬೆರಳುಗಳು ಕಾರ್ಡು ಹೊಡೆಯಲಿ. ಅಲ್ಲಿನ ಜಬುಂಬಾ ಡೋಲಿನ ನಡೆ ಗಿಟಾರಿಗೆ ಬರುವುದು ಹೀಗೆ. ತೆರೆದ ನಾಲ್ಕನೆಯ ತಂತಿ ಡಿಯನ್ನು ಷಡ್ಜ ಮಾಡಿಕೊಂಡು, ಆರನೆಯದನ್ನೂ ಡಿಗೆ ಇಳಿಸಿಟ್ಟರೆ ಹೆಬ್ಬೆರಳಿಗೆ ತೆರೆದ ತಂತಿಗಳೇ ಸಾಕು, ಎಡಗೈ ಪೂರ್ತಿ ರಾಗಕ್ಕೆ ಸಿಗುತ್ತದೆ.

ಪ್ರಶ್ನೆ: ಬೋಸಾ ನೋವಾ ನಡೆ ಬರುತ್ತದೆ. ಅಷ್ಟು ಸಾಕಲ್ಲವೇ?

ಉತ್ತರ: ಒಳ್ಳೆಯ ಬುನಾದಿ, ಆದರೆ ಅದು ಹಾಡುವವರ ಜೊತೆಗಿನ ನಡೆ. ಅಲ್ಲಿ ಹೆಬ್ಬೆರಳಿನ ಎರಡೂ ಪೆಟ್ಟು ಹೆಚ್ಚುಕಡಿಮೆ ಒಂದೇ ತೂಕದಲ್ಲಿ, ಮೆಲುವಾಗಿ ಬೀಳುತ್ತವೆ. ಒಂಟಿ ವಾದನದಲ್ಲಿ ಎರಡನೆಯದಕ್ಕೆ ಭಾರ ಬೇಕು, ಮೇಲೆ ರಾಗವನ್ನೂ ಹೊರಬೇಕು.

ಪ್ರಶ್ನೆ: ಶಾಸ್ತ್ರೀಯ ಗಿಟಾರ್ ಎರಡು ವರ್ಷ ಕಲಿತಿದ್ದೇನೆ. ಯಾವ ಕೃತಿಗಳಿಂದ ಹೊರಡಲಿ?

ಉತ್ತರ: ಜೊವಾಂವ್ ಪೆರ್ನಾಂಬುಕೊ (1883–1947) ಅವರ ‘ಸೋನ್ಸ್ ದೆ ಕರಿಲ್ಯೊಯಿಸ್’ ಮೊದಲು. ಕಮ್ಮಾರಿಕೆ ಮಾಡುತ್ತಿದ್ದ ಈ ಮನುಷ್ಯ ಕೈಗೆ ಹಿತವಾಗುವಂತೆ ಕೃತಿ ಕಟ್ಟುತ್ತಿದ್ದರು. ಎಡಗೈ ಕಾರ್ಡು ಹಿಡಿದರೆ ರಾಗದ ಬಹುಪಾಲು ಅದರೊಳಗೇ ಸಿಗುತ್ತದೆ, ಗಮನವೆಲ್ಲ ಬಲಗೈಗೆ ಕೊಡಬಹುದು. ಇದಕ್ಕೆ ಆರನೆಯ ತಂತಿ ಡಿಗೆ ಇಳಿಸಬೇಕು. ಇಳಿಸುವಾಗ ಡಿಗಿಂತ ಸ್ವಲ್ಪ ಕೆಳಗೆ ಹೋಗಿ, ತಂತಿಯನ್ನು ಮೆಲ್ಲಗೆ ಒಮ್ಮೆ ಎಳೆದು ಬಿಟ್ಟು, ಆಮೇಲೆ ಡಿಗೆ ಏರಿಸಿ. ಬರೀ ಇಳಿಸಿ ನಿಲ್ಲಿಸಿದರೆ ಎರಡು ನಿಮಿಷದಲ್ಲಿ ತಂತಿ ತಾನೇ ಮೇಲೇರಿ ಶ್ರುತಿ ಕೆಡಿಸುತ್ತದೆ. ಮಧ್ಯದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಆಮೇಲೆ ವಿಲಾ-ಲೋಬೊಸ್ (1887–1959) ಅವರ 1940ರ ಐದು ಪ್ರಿಲ್ಯೂಡ್‌ಗಳಲ್ಲಿ ಮೊದಲನೆಯದು. ಅದರ ರಾಗ ಇರುವುದು ಬೇಸ್ ತಂತಿಗಳಲ್ಲಿ, ಮೇಲಿನ ಕಾರ್ಡುಗಳು ಬರೀ ಜೊತೆಗಾರರು. ಹೆಬ್ಬೆರಳಿಗೆ ಹಾಡು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೂರನೆಯದಾಗಿ ಅವರದೇ 1920ರ ‘ಶೋರೊಸ್ ಸಂಖ್ಯೆ 1’. ಪಿಯಾನೊ ವಾದಕ, ರಚನಕಾರ ಎರ್ನೆಸ್ಟೊ ನಜರೆತ್‌ಗೆ ಅರ್ಪಿಸಿದ್ದು. ಆರಂಭದ ಮೂರು ಸ್ವರಗಳ ಮೇಲೂ ನಿಲ್ಲುವ ಗುರುತಿದೆ. ಮೂರನ್ನೂ ಒಂದೇ ಅಳತೆಗೆ ನಿಲ್ಲಿಸಿದರೆ ಗಡಿಯಾರದಂತಾಗುತ್ತದೆ; ಒಂದೊಂದಕ್ಕೂ ಬೇರೆ ಉಸಿರು ಕೊಟ್ಟು, ಮೂರನೆಯದರಿಂದ ನಡೆಗೆ ಜಾರಿ. ಗರೋತೊ (1915–1955) ಅವರ ಕೃತಿಗಳನ್ನು ಇದಾದ ಮೇಲೆ ಎತ್ತಿಕೊಳ್ಳಿ. ಅವರ ಕಾರ್ಡುಗಳು ಕಾಲಕ್ಕಿಂತ ಮುಂದಿದ್ದವು, ಎಡಗೈ ಹಿಗ್ಗಬೇಕಾಗುತ್ತದೆ.

ಪ್ರಶ್ನೆ: ವಿಲಾ-ಲೋಬೊಸ್ ಅವರ ಮೊದಲ ಎಟ್ಯೂಡ್ (ಅಭ್ಯಾಸಕ್ಕೆಂದೇ ಬರೆದ ಕೃತಿ) ಅಭ್ಯಾಸ ಮಾಡುತ್ತಿದ್ದೇನೆ. ಹತ್ತು ನಿಮಿಷಕ್ಕೇ ಎಡಗೈ ಉರಿಯುತ್ತದೆ, ಬಲಗೈಯಲ್ಲಿ ಸ್ವರಗಳು ಏರುಪೇರು.

ಉತ್ತರ: ಬಲಗೈಯಿಂದ ಹೊರಡೋಣ. ಈ ಕೃತಿಯಲ್ಲಿ ನಾಲ್ಕು ಎಣಿಕೆಗೆ ಒಂದು ಆವರ್ತ, ಒಂದು ಆವರ್ತಕ್ಕೆ 16 ಸ್ವರ. ಬೆರಳ ಕ್ರಮ ಹೀಗೆ (ಪಿ ಹೆಬ್ಬೆರಳು, ಐ ತೋರುಬೆರಳು, ಎಂ ನಡುಬೆರಳು, ಎ ಉಂಗುರಬೆರಳು): ಪಿ ಐ ಪಿ ಐ, ಪಿ ಎಂ ಐ ಎ, ಎಂ ಎ ಐ ಎಂ, ಪಿ ಐ ಪಿ ಐ. ಹತ್ತಿ ಇಳಿಯುವ ಮೆಟ್ಟಿಲು. ಏರುಪೇರಾಗುವುದು ಹೆಚ್ಚಾಗಿ ತುದಿಯಲ್ಲಿ, ಉಂಗುರಬೆರಳು ಒಂದೇ ಸ್ವರ ಬಿಟ್ಟು ಮತ್ತೆ ಮೀಟಬೇಕಾದ ಕಡೆ. ಆ ಬೆರಳಿಗೆ ಶಕ್ತಿ ಕಡಿಮೆ, ಮರಳಿ ಬರುವುದೂ ನಿಧಾನ. ‘ಐ ಎ ಎಂ ಎ’ ನಾಲ್ಕನ್ನೇ ಕಿತ್ತು ತೆಗೆದು ತೆರೆದ ತಂತಿಯಲ್ಲಿ 50ರ ವೇಗಕ್ಕೆ ಸುತ್ತು ಹಾಕಿ. ಮೀಟಿದ ಉಂಗುರಬೆರಳು ಅಂಗೈ ಕಡೆ ಮಡಚಿಕೊಂಡು ಹೋಗುತ್ತಿದೆಯೇ ನೋಡಿ. ತಂತಿಯಿಂದ ಅರ್ಧ ಸೆಂಟಿಮೀಟರ್‌ಗಿಂತ ದೂರ ಹೋಗಬಾರದು.

ಎಡಗೈ ಉರಿಗೆ ಕಾರಣ ಸಾಮಾನ್ಯವಾಗಿ ನಡುವಿನ ಭಾಗ. ಅಲ್ಲಿ ಒಂದೇ ಆಕಾರದ ಡಿಮಿನಿಶ್ಡ್ ಕಾರ್ಡು ಐದರಿಂದ ಎರಡನೆಯ ತಂತಿಯವರೆಗೆ ಹಿಡಿದು ಒಂದೊಂದೇ ಫ್ರೆಟ್ ಕೆಳಗಿಳಿಯಬೇಕು; ಒಂದು, ಆರನೆಯ ತಂತಿಗಳು ತೆರೆದೇ ಇರುತ್ತವೆ. ಒತ್ತಿಕೊಂಡೇ ಎಳೆದರೆ ಕೈ ಉರಿಯದೆ ಇನ್ನೇನಾದೀತು! ಆವರ್ತದ ಕೊನೆಯ ಸ್ವರ ಮೀಟಿದ ಕ್ಷಣ ಒತ್ತಡ ಪೂರ್ತಿ ಬಿಡಿ, ಬೆರಳು ತಂತಿಗೆ ಸೋಕಿದಂತೆಯೇ ಇರಲಿ, ಒಂದು ಫ್ರೆಟ್ ಜಾರಿ, ಮತ್ತೆ ಒತ್ತಿ. ಸುತ್ತು ತಂತಿ ಕೀರ್ ಎನ್ನುತ್ತಿದ್ದರೆ ಇನ್ನೂ ಒತ್ತಡ ಉಳಿದಿದೆ ಎಂದರ್ಥ. ಕತ್ತಿನ ಹಿಂದಿರುವ ಹೆಬ್ಬೆರಳನ್ನು ಪೂರ್ತಿ ತೆಗೆದು ಒಮ್ಮೆ ನುಡಿಸಿ ನೋಡಿ. ಕಾರ್ಡು ಆಗಲೂ ಹೆಚ್ಚುಕಡಿಮೆ ನುಡಿದರೆ, ಇಷ್ಟು ದಿನ ಬೇಕಾದ್ದಕ್ಕಿಂತ ಎಷ್ಟು ಹೆಚ್ಚು ಹಿಂಡುತ್ತಿದ್ದಿರಿ ಎಂದು ಗೊತ್ತಾಗುತ್ತದೆ.

ಉರಿ ಶುರುವಾದ ಮೇಲೆ ಹಠ ಹಿಡಿದು ಮುಂದುವರಿಸಬೇಡಿ. 20 ನಿಮಿಷ ನುಡಿಸಿ 5 ನಿಮಿಷ ಕೈ ಇಳಿಬಿಡಿ. ಬೆರಳು ಜೋಮು ಹಿಡಿಯುವುದು, ರಾತ್ರಿಯೂ ನೋವು ಇರುವುದು ಆದರೆ ಗಿಟಾರ್ ಪೆಟ್ಟಿಗೆಗೆ ಹಾಕಿ ವೈದ್ಯರನ್ನು ಕಾಣಿ.